ಹಿಂದಿ ಬಾರದ ಅತ್ತೆ, ಹಿಂದಿ ಮಾತಾಡುವ ಕರಡಿ

ಪ್ರಶ್ನೆ: ನಾವು ಶಿವಮೊಗ್ಗದವರು. ಮನೆಯಲ್ಲಿ ನಾವಿಬ್ಬರು, 12 ವರ್ಷದ ಮಗಳು, 8 ವರ್ಷದ ಮಗ, 72ರ ನಮ್ಮ ಅತ್ತೆ. ಭಾನುವಾರ ಊಟ ಮುಗಿದ ಮೇಲೆ ಹಿಂದಿಗೆ ಡಬ್ ಆದ ಮಾಯಾಜಾಲದ ಸಿನಿಮಾ ಹಾಕಿದರೆ ಐದೂ ಜನ ಕೊನೆಯವರೆಗೆ ಕೂರುತ್ತೇವೆ. ತೆಲುಗಿನ ಮಂತ್ರವಾದಿಯ ಕಥೆ, ಚೀನಾದ ಕೋತಿರಾಜನ ಕಥೆ, ಇಂಗ್ಲಿಷಿನ ಕಾಡಿನ ಕಥೆ, ಯಾವುದಾದರೂ ಸರಿ. ಕನ್ನಡ ಸಿನಿಮಾ ಹಾಕಿದರೆ ಅರ್ಧಕ್ಕೆ ಒಬ್ಬೊಬ್ಬರೇ ಎದ್ದು ಹೋಗುತ್ತಾರೆ. ಅತ್ತೆಯವರಿಗೆ ಹಿಂದಿ ಬಾರದು, ನಮಗೂ ಅಷ್ಟಕ್ಕಷ್ಟೆ. ಇದರ ಗುಟ್ಟೇನು? ಮಕ್ಕಳ ಕನ್ನಡ ಕೆಡುತ್ತದೆಯೇ? ಯಾವುದರ ಬಗ್ಗೆ ಎಚ್ಚರ ಬೇಕು? ಇನ್ನೊಂದು ಪ್ರಶ್ನೆ ಅತ್ತೆಯವರದು: ಆ ಚೀನಾದ ಕೋತಿ ನಮ್ಮ ಹನುಮಂತನೇ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ಡಬ್ಬಿಂಗ್‌ಗೆ ಸಂಭಾಷಣೆ ಬರೆಯುವುದು ನನ್ನ ಕಸುಬು. ನನ್ನ ತಕ್ಕಡಿ ಆ ಕಡೆಗೆ ಸ್ವಲ್ಪ ವಾಲಿರುತ್ತದೆ ಎಂಬುದನ್ನು ನೆನಪಿಟ್ಟುಕೊಂಡೇ ಓದಿ.

ನಿಮ್ಮ ಮನೆಯಲ್ಲಿ ನಡೆಯುತ್ತಿರುವುದು ಅರ್ಥವಾಗಬೇಕಾದರೆ ದೂರ ಹೋಗಬೇಕಾಗಿಲ್ಲ, ತುಂಗೆಯ ದಂಡೆಯ ಹೊಸಹಳ್ಳಿಯವರೆಗೆ ಹೋಗಿಬಂದರೆ ಸಾಕು. ಗಮಕಕ್ಕೆ ಹೆಸರಾದ ಊರು ಅದು. ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ನಿಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಗಮಕದಲ್ಲಿ ಒಬ್ಬರು ಕುಮಾರವ್ಯಾಸನ ಪದ್ಯವನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅದರ ವ್ಯಾಖ್ಯಾನ ಮಾಡುತ್ತಾರೆ. ಆರು ಶತಮಾನದ ಹಿಂದಿನ ಆ ಕನ್ನಡ ಎದುರಿಗೆ ಕೂತವರಿಗೆಲ್ಲ ಪೂರ್ತಿ ಅರ್ಥವಾಗುತ್ತದೆ ಎಂದುಕೊಂಡಿದ್ದೀರಾ? ಅರ್ಧ ಪದ್ಯದಿಂದ, ಕಾಲು ಭಾಗ ವ್ಯಾಖ್ಯಾನದಿಂದ, ಉಳಿದದ್ದು ‘ಈ ಕಥೆ ನನಗೆ ಗೊತ್ತು’ ಎಂಬ ಧೈರ್ಯದಿಂದ ತಿಳಿಯುತ್ತದೆ. ತಾಳಮದ್ದಳೆಯ ಅರ್ಥಧಾರಿ, ಹರಿಕಥೆಯ ದಾಸರು ಮಾಡುವುದೂ ಇದೇ ಕೆಲಸ. ಅರ್ಧ ಅರ್ಥವಾಗುವ ಮಾತನ್ನು ಎರಡು ಗಂಟೆ ಕೂತು ಕೇಳುವ ಅಭ್ಯಾಸ ನಿಮ್ಮ ಅತ್ತೆಯವರ ತಲೆಮಾರಿಗೆ ಹೊಸದಲ್ಲ. ನಿಮ್ಮ ಭಾನುವಾರದ ಸಿನಿಮಾದಲ್ಲಿ ವ್ಯಾಖ್ಯಾನದ ಪಾತ್ರ ಯಾರದೆಂದು ಒಮ್ಮೆ ಗಮನಿಸಿ ನೋಡಿ. ಬಹುಶಃ ಮಗಳದು. ‘ಅವನು ಏನಂದ?’ ಎಂದು ಅತ್ತೆಯವರು ಕೇಳುತ್ತಾರೆ, ಮಗಳು ತನಗೆ ತಿಳಿದಷ್ಟು ಹೇಳುತ್ತಾಳೆ, ಮಗ ಅದನ್ನು ತಿದ್ದುತ್ತಾನೆ, ನಿಮ್ಮ ಯಜಮಾನರು ಇಬ್ಬರದೂ ತಪ್ಪು ಎನ್ನುತ್ತಾರೆ. ಅಷ್ಟರಲ್ಲಿ ರಾಕ್ಷಸ ಅರ್ಧ ಊರು ನುಂಗಿರುತ್ತಾನೆ. ಕನ್ನಡ ಸಿನಿಮಾದಲ್ಲಿ ಈ ಗದ್ದಲಕ್ಕೆ ಎಡೆಯಿಲ್ಲ. ಎಲ್ಲರಿಗೂ ಎಲ್ಲವೂ ತಿಳಿಯುತ್ತಿರುವಾಗ ಯಾರೂ ಯಾರನ್ನೂ ಕೇಳಬೇಕಾಗಿಲ್ಲ, ಬೇಸರವಾದವರು ಸುಮ್ಮನೆ ಎದ್ದು ಹೋಗಬಹುದು. ನಿಮ್ಮನ್ನು ಹಿಡಿದು ಕೂರಿಸುತ್ತಿರುವುದು ಹಿಂದಿಗಿಂತ ಹೆಚ್ಚಾಗಿ ಆ ಅರ್ಧ ತಿಳಿವು ಎಂಬುದು ನನ್ನ ಎಣಿಕೆ.

ಆದರೆ ಅರ್ಧವಾದರೂ ತಿಳಿಯುವುದು ಹೇಗೆ? ಇಲ್ಲಿ ಹಿಂದಿಯ ಬಗೆಯೊಂದನ್ನು ಹೇಳಬೇಕು. ಮುಂಬೈಯ ಸಾಮಾನ್ಯ ಸಿನಿಮಾದ ಹಿಂದಿಯಲ್ಲಿ ಉರ್ದು ಧಾರಾಳ: ದಿಲ್, ಮೊಹಬ್ಬತ್, ಇಂತಜಾರ್, ಮಾಫಿ. ರಾಜ, ಋಷಿ, ರಾಕ್ಷಸರು ಬರುವ ಕಥೆಯಾದ ತಕ್ಷಣ ಬರೆಯುವವರ ಕೈ ಸಂಸ್ಕೃತದ ಬುಟ್ಟಿಗೆ ಹೋಗುತ್ತದೆ. ‘ಮಾಫ್ ನಹೀಂ ಕರೂಂಗಾ’ ಎನ್ನಬೇಕಾದ ಕಡೆ ‘ಕ್ಷಮಾ ನಹೀಂ ಕರೂಂಗಾ’ ಬರುತ್ತದೆ. ದುಶ್ಮನ್ ಹೋಗಿ ಶತ್ರು, ಜಂಗ್ ಹೋಗಿ ಯುದ್ಧ್, ತಾಕತ್ ಹೋಗಿ ಶಕ್ತಿ. ಮಹಾರಾಜ್, ಸೇನಾಪತಿ, ಪ್ರತಿಜ್ಞಾ, ವಿನಾಶ್, ಶಾಪ್, ವರದಾನ್: ಇವುಗಳಲ್ಲಿ ನಿಮ್ಮ ಅತ್ತೆಯವರಿಗೆ ತಿಳಿಯದ್ದು ಯಾವುದು? ಹಿಂದಿಯಲ್ಲಿ ಕನ್ನಡಿಗರಿಗೆ ಅತಿ ಸುಲಭವಾದದ್ದು ಈ ಮಾಯಾಜಾಲದ ಹಿಂದಿ. 1987ರ ಜನವರಿ 25ರಂದು ದೂರದರ್ಶನದಲ್ಲಿ ‘ರಾಮಾಯಣ’ ಶುರುವಾದಾಗ, ಮರುವರ್ಷ ಅಕ್ಟೋಬರ್ 2ರಂದು ‘ಮಹಾಭಾರತ’ ಶುರುವಾದಾಗ, ಹಿಂದಿಯ ಗಂಧವಿಲ್ಲದ ಹಳ್ಳಿಗಳಲ್ಲೂ ಒಂದೇ ಟಿವಿಯ ಮುಂದೆ ಬೀದಿಯ ಜನವೆಲ್ಲ ಕೂತದ್ದು ಇದೇ ಬಲದ ಮೇಲೆ. ‘ಪಿತಾಶ್ರೀ’, ‘ಭ್ರಾತಾಶ್ರೀ’ ಎಂದು ಮಕ್ಕಳು ಅಂಗಳದಲ್ಲಿ ಕಡ್ಡಿಯ ಬಾಣ ಬಿಡುತ್ತಿದ್ದ ಕಾಲ ಅದು. ಆಗ ನಿಮ್ಮ ಅತ್ತೆಯವರಿಗೆ ಮೂವತ್ತೈದರ ಆಸುಪಾಸು. ಅವರ ಹಿಂದಿ ಪಾಠ ಮುಗಿದು ಬಹಳ ವರ್ಷವಾಯಿತು, ಅವರಿಗೇ ಗೊತ್ತಿಲ್ಲ ಅಷ್ಟೆ.

ಈ ಸುಲಭದಲ್ಲಿ ಗುಂಡಿಗಳೂ ಇವೆ. ಗುರು ಶಿಷ್ಯನ ತಲೆ ಸವರಿ ‘ಮೈಂ ತುಝೇ ಶಿಕ್ಷಾ ದೂಂಗಾ’ ಎಂದಾಗ ನನ್ನ ದೊಡ್ಡಮ್ಮ, ‘ಅಯ್ಯೋ, ಆ ಮಗು ಏನು ತಪ್ಪು ಮಾಡಿತಪ್ಪ’ ಎಂದು ಕಣ್ಣು ಒರೆಸಿಕೊಂಡಿದ್ದರು. ಹಿಂದಿಯಲ್ಲಿ ಶಿಕ್ಷಾ ಎಂದರೆ ವಿದ್ಯೆ. ಅದೇ ಸಿನಿಮಾದ ಖಳ ಬೆಟ್ಟದ ತುದಿಯಲ್ಲಿ ನಿಂತು ‘ಸಾರೇ ಸಂಸಾರ್ ಪರ್ ಮೇರಾ ಅಧಿಕಾರ್ ಹೋಗಾ’ ಎಂದು ಅಬ್ಬರಿಸಿದ. ದೊಡ್ಡಮ್ಮನಿಗೆ ಅವನ ಮೇಲೆ ಕನಿಕರ: ‘ಪಾಪ, ಮನೆಯಲ್ಲಿ ಯಾರೂ ಮಾತು ಕೇಳುವುದಿಲ್ಲವೇನೋ.’ ಅವನು ಕೇಳುತ್ತಿದ್ದುದು ಇಡೀ ಜಗತ್ತನ್ನು. ಅವಸರ್ ಎಂದರೆ ಅಲ್ಲಿ ಅವಕಾಶ, ಅನುಮಾನ್ ಎಂದರೆ ಅಂದಾಜು, ಚೇಷ್ಟಾ ಎಂದರೆ ಪ್ರಯತ್ನ, ಉಪನ್ಯಾಸ್ ಎಂದರೆ ಕಾದಂಬರಿ. ನಿಮ್ಮ ಮಗಳಿಗೆ ಒಂದು ಹಾಳೆ ಕೊಟ್ಟು ಇಂಥ ಪದಗಳನ್ನು ಬರೆದಿಡಲು ಹೇಳಿ. ಎರಡು ಭಾಷೆಯೂ ಒಟ್ಟಿಗೆ ಗಟ್ಟಿಯಾಗುತ್ತವೆ.

ಇನ್ನು ಕಸುಬಿನ ಒಳಮಾತು. ಡಬ್ಬಿಂಗ್‌ನಲ್ಲಿ ನಮ್ಮ ದೊಡ್ಡ ಶತ್ರು ನಟನ ತುಟಿ. ಪ, ಬ, ಮ ಅಕ್ಷರಗಳಿಗೆ ತುಟಿ ಮುಚ್ಚಲೇಬೇಕು. ಮುಖ ತೆರೆಯ ತುಂಬ ಇರುವಾಗ ತುಟಿ ಮುಚ್ಚಿ, ಕಿವಿಗೆ ‘ಆ’ ಕೇಳಿಸಿದರೆ ನೋಡುವವರಿಗೆ ಏನೋ ಇರಿಸುಮುರಿಸು. ಮಾಯಾಜಾಲದ ಕಥೆಯಲ್ಲಿ ಈ ಕಾಟ ಅರ್ಧಕ್ಕರ್ಧ ಕಡಿಮೆ. ಋಷಿಗೆ ಗಡ್ಡ, ರಾಕ್ಷಸನಿಗೆ ಕೋರೆಹಲ್ಲು, ಸೈನಿಕನಿಗೆ ಶಿರಸ್ತ್ರಾಣ, ಕರಡಿಗೆ ಕರಡಿಯ ಬಾಯಿ. 2012ರ ‘ಈಗ’ ತೆಗೆದುಕೊಳ್ಳಿ. ತೆಲುಗು, ತಮಿಳಿನಲ್ಲಿ ತೆಗೆದ ಆ ಚಿತ್ರ ಹಿಂದಿಗೆ ‘ಮಕ್ಖಿ’ಯಾಗಿ ಹೋಯಿತು. ನಾಯಕ ಸತ್ತು ನೊಣವಾಗಿ ಹುಟ್ಟಿದ ಮೇಲೆ ಅವನಿಗೆ ಮಾತೇ ಇಲ್ಲ. ಡಬ್ ಮಾಡುವವನಿಗೆ ಇದಕ್ಕಿಂತ ಒಳ್ಳೆಯ ನಾಯಕ ಇನ್ನೊಬ್ಬ ಸಿಗಲಿಕ್ಕಿಲ್ಲ. ಕಥೆ ಶುರುವಾಗುವುದೂ ನಿದ್ದೆ ಬಾರದ ಮಗಳಿಗೆ ಅಪ್ಪ ಹೇಳುವ ಕಥೆಯಾಗಿ. ಮಕ್ಕಳು ಅಲ್ಲೇ ಸಿಕ್ಕಿಬೀಳುತ್ತಾರೆ.

ತೆಲುಗು ಚಿತ್ರ ಹಿಂದಿಗೆ ಹೊಂದಿಕೊಂಡಷ್ಟು ಇಂಗ್ಲಿಷ್ ಚಿತ್ರ ಹೊಂದಿಕೊಳ್ಳುವುದಿಲ್ಲ. ಇಂಗ್ಲಿಷಿನಲ್ಲಿ ‘ನಿನ್ನನ್ನು’ ಎಂಬುದು ವಾಕ್ಯದ ಕೊನೆಗೆ ಬೀಳುತ್ತದೆ, ಬೆರಳು ಚಾಚುವುದೂ ಆಗಲೇ. ಹಿಂದಿಗೆ ತಂದರೆ ‘ತುಮ್ಹೇಂ’ ಮೊದಲು ಬಂದುಬಿಡುತ್ತದೆ, ಬೆರಳು ಬರುವ ಹೊತ್ತಿಗೆ ‘ಕರೂಂಗಾ’ ಉಳಿದಿರುತ್ತದೆ. ತೆಲುಗು, ಕನ್ನಡ, ಹಿಂದಿ ಮೂರರಲ್ಲೂ ಕ್ರಿಯಾಪದ ಕೊನೆಗೆ ಬರುವುದರಿಂದ ಬೆರಳಿಗೂ ಮಾತಿಗೂ ಜಗಳವಿಲ್ಲ. ಒಂದು ತೊಡಕು ಮಾತ್ರ ಇದೆ. ತೆಲುಗಿನ, ನಮ್ಮ ಮಾತುಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುತ್ತವೆ, ನಟನ ಬಾಯಿ ತೆರೆದೇ ಉಳಿಯುತ್ತದೆ. ಹಿಂದಿ ‘ರಾಮ್’, ‘ಯುದ್ಧ್’ ಎಂದು ಬಾಗಿಲು ಹಾಕಿಕೊಂಡುಬಿಡುತ್ತದೆ. ಆ ತೆರೆದ ಬಾಯಿಗೆ ಏನಾದರೂ ತುರುಕಬೇಕಲ್ಲ, ಅದಕ್ಕೆ ಒಂದು ‘ನಾ’, ಒಂದು ‘ರೇ’, ಒಂದು ‘ಹೈ’. ಹಿಂದಿ ಡಬ್ಬಿಂಗ್‌ನಲ್ಲಿ ಪಾತ್ರಗಳು ಅಷ್ಟೊಂದು ‘ನಾ’ ಹಾಕುವುದೇಕೆ ಎಂದು ನಿಮಗೆ ಎಂದಾದರೂ ಅನ್ನಿಸಿದ್ದರೆ, ಅದರಲ್ಲಿ ಹಲವು ಬಂದದ್ದು ಹೀಗೆ.

ಇಂಗ್ಲಿಷಿನಿಂದ ಬರುವಾಗ ಒಂದು ಲಾಭವೂ ಇದೆ, ಕುಟುಂಬಕ್ಕೆ ಸಂಬಂಧಿಸಿದ್ದು. ಇಂಗ್ಲಿಷಿನಲ್ಲಿ ರಾಜನಿಗೂ ಆಳಿಗೂ ಅಮ್ಮನಿಗೂ ಒಂದೇ ಸರ್ವನಾಮ. ಹಿಂದಿಗೆ ತರುವವನು ಪ್ರತಿ ಜೋಡಿಗೂ ತೂ, ತುಮ್, ಆಪ್‌ಗಳಲ್ಲಿ ಒಂದನ್ನು ಆರಿಸಲೇಬೇಕು, ಕನ್ನಡಕ್ಕೆ ತರುವಾಗ ನೀನು, ನೀವು ಇದ್ದ ಹಾಗೆ. ಹಾಗೆ ಆರಿಸಿದ ಕೂಡಲೇ ಪಾತ್ರಗಳ ನಡುವೆ ನಂಟು, ವಯಸ್ಸು, ಸಲಿಗೆ, ಸಿಟ್ಟು ಎಲ್ಲ ಹುಟ್ಟಿಕೊಳ್ಳುತ್ತವೆ. ಪರದೇಶದ ತೋಳದ ಹಿಂಡು ನೋಡನೋಡುತ್ತಿದ್ದಂತೆ ಕೂಡುಕುಟುಂಬವಾಗುತ್ತದೆ.

ತೋಳ ಎಂದಾಗ ನೆನಪಾಯಿತು. 2016ರ ‘ದಿ ಜಂಗಲ್ ಬುಕ್’ ಅಮೆರಿಕಕ್ಕಿಂತ ಒಂದು ವಾರ ಮೊದಲೇ, ಏಪ್ರಿಲ್ 8ರಂದು ಭಾರತದಲ್ಲಿ ತೆರೆಕಂಡಿತು. ಹಿಂದಿಯಲ್ಲಿ ಕರಿಚಿರತೆ ಬಗೀರನಿಗೆ ಓಂ ಪುರಿ, ಹೆಬ್ಬಾವಿಗೆ ಪ್ರಿಯಾಂಕಾ ಚೋಪ್ರಾ, ಹುಲಿ ಶೇರ್ ಖಾನ್‌ಗೆ ನಾನಾ ಪಾಟೇಕರ್ ಕಂಠದಾನ ಮಾಡಿದರು. ಕರಡಿ ಬಾಲು ಇರ್ಫಾನ್ ಖಾನ್. ಆ ಕರಡಿಯನ್ನು ಅವರು ಪಂಜಾಬಿ ಧಾಟಿಗೆ ತಿರುಗಿಸಿದ್ದನ್ನು ಒಮ್ಮೆ ಕಿವಿಗೊಟ್ಟು ಕೇಳಿ: ತಿಂಡಿಪೋತ, ಸೋಮಾರಿ, ಬಾಯಿ ತುಂಬ ಬಣ್ಣದ ಮಾತು, ಹೊಟ್ಟೆಯಲ್ಲಿ ಕೇಡಿಲ್ಲ. ಮದುವೆ ಮನೆಗೆ ಮೂರು ದಿನ ಮುಂಚೆಯೇ ಬಂದು ಕೂರುವ ಸೋದರಮಾವನೊಬ್ಬ ಕಾಡಿನಲ್ಲಿ ಸಿಕ್ಕ ಹಾಗಿದೆ. ಮೂಲಕ್ಕೆ ಮೋಸವಾಗದೆ ಪಾತ್ರ ನಮ್ಮ ಬಳಗಕ್ಕೆ ಸೇರಿದೆ. ಒಳ್ಳೆಯ ಡಬ್ಬಿಂಗ್ ಎಂದರೆ ನನ್ನ ಮಟ್ಟಿಗೆ ಇದು. ನೀವು ನಲವತ್ತರ ಆಸುಪಾಸಿನವರಾಗಿದ್ದರೆ ಹುಲಿಯ ದನಿ ಮೊದಲೇ ಎಲ್ಲೋ ಕೇಳಿದಂತಿದೆ ಅನ್ನಿಸಿರಬೇಕು. 1990ರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬರುತ್ತಿದ್ದ, ಗುಲ್ಜಾರ್ ಬರೆದು ವಿಶಾಲ್ ಭಾರದ್ವಾಜ್ ರಾಗ ಹಾಕಿದ ಹಾಡಿನ ಮೋಗ್ಲಿ ನೆನಪಿದೆಯಲ್ಲ? ಅದು ಜಪಾನಿನವರು ಮಾಡಿದ ಕಾರ್ಟೂನ್, ಅದರ ಹಿಂದಿ ಶೇರ್ ಖಾನ್ ಕೂಡ ನಾನಾ ಪಾಟೇಕರ್ ಅವರೇ. ನಿಮಗೆ ಬಾಲ್ಯ, ಮಕ್ಕಳಿಗೆ ಹೊಸ ಹುಲಿ, ಅತ್ತೆಯವರಿಗೆ ಸೋದರಮಾವ. ಒಂದೇ ಸೋಫಾದಲ್ಲಿ ಮೂರು ಬೇರೆ ಸಿನಿಮಾ ಓಡುತ್ತಿವೆ.

ಇಂಗ್ಲಿಷಿನಲ್ಲೇ ಹಾಕಿ ಕೆಳಗೆ ಅಕ್ಷರ ಓದಬಾರದೇ ಎಂದು ಓದಿದವರು ಕೇಳುತ್ತಾರೆ. ಓದಬಹುದು, ಒಬ್ಬರೇ ನೋಡುವುದಾದರೆ. ಎಂಟು ವರ್ಷದ ಹುಡುಗ ಮೊದಲ ಸಾಲು ಮುಗಿಸುವುದರೊಳಗೆ ಮೂರನೆಯ ಸಾಲು ಬಂದಿರುತ್ತದೆ, ಅತ್ತೆಯವರು ಕನ್ನಡಕ ಹುಡುಕುತ್ತಿರುತ್ತಾರೆ. ಬೇಗ ಓದುವವರು ಗೆದ್ದು ಉಳಿದವರು ಸೋಲುವ ಏರ್ಪಾಡು ಅದು.

ಕನ್ನಡದಲ್ಲೇ ಇವು ಯಾಕಿರಲಿಲ್ಲ ಎಂಬುದಕ್ಕೆ ಕಹಿಯಾದ ಇತಿಹಾಸವಿದೆ. 1960ರ ದಶಕದಲ್ಲಿ ಕನ್ನಡ ಚಿತ್ರರಂಗ ಮದರಾಸಿನ ಸ್ಟುಡಿಯೋಗಳಲ್ಲಿ ಬಾಡಿಗೆಗೆ ಬದುಕುತ್ತಿದ್ದಾಗ, ಡಬ್ ಆದ ಚಿತ್ರಗಳ ಭಾರಕ್ಕೆ ಅದು ಕುಸಿದೀತೆಂದು ಅ.ನ.ಕೃ., ರಾಜಕುಮಾರ್ ಮೊದಲಾದವರು ನಿಂತು ಚಳವಳಿ ಮಾಡಿ ಕನ್ನಡಕ್ಕೆ ಡಬ್ಬಿಂಗ್ ನಿಲ್ಲಿಸಿದರು. ಆ ಹೊತ್ತಿಗೆ ಅದು ಬೇಕಿತ್ತು ಎಂದೇ ನಾನೂ ನಂಬುತ್ತೇನೆ. ಕಾನೂನಿನ ನಿಷೇಧ ಅದಾಗಿರಲಿಲ್ಲ, ಉದ್ಯಮದ ಕಟ್ಟುಪಾಡಾಗಿತ್ತು. ಆದರೆ ಬೇಲಿ ಗಿಡ ಮರವಾದ ಮೇಲೂ ಉಳಿಯಿತು. 1994ರಲ್ಲಿ ‘ಜುರಾಸಿಕ್ ಪಾರ್ಕ್’ ಹಿಂದಿಗೆ ಬಂದು ಉತ್ತರದ ಮಕ್ಕಳೆಲ್ಲ ತಮ್ಮ ಮಾತಿನಲ್ಲಿ ಡೈನೋಸಾರ್ ನೋಡಿದರು. 2007ರ ‘ಸ್ಪೈಡರ್‌ಮ್ಯಾನ್ 3’ ಭೋಜಪುರಿಯಲ್ಲೂ ಬಂತು. ಕನ್ನಡದ ಮಕ್ಕಳು ಇಂಗ್ಲಿಷೋ ಹಿಂದಿಯೋ ತಮಿಳೋ ಆರಿಸಿಕೊಳ್ಳಬೇಕಾಯಿತು. ‘ಈಗ’ದ ಖಳ ನಮ್ಮ ಸುದೀಪ್, ಅವರನ್ನು ಆ ಪಾತ್ರದಲ್ಲಿ ಚಿತ್ರಮಂದಿರದಲ್ಲಿ ಕನ್ನಡದಲ್ಲಿ ಕೇಳುವ ಭಾಗ್ಯ ಆಗ ಕನ್ನಡಿಗರಿಗಿರಲಿಲ್ಲ. ಕನ್ನಡ ಗ್ರಾಹಕರ ಕೂಟದವರ ಹೋರಾಟ, ಡಬ್ಬಿಂಗ್ ತಡೆಯುವುದು ತಪ್ಪೆಂದು 2015ರಲ್ಲಿ ಸ್ಪರ್ಧಾ ಆಯೋಗ ಕೊಟ್ಟ ಆದೇಶ, ಇವೆಲ್ಲ ಆದ ಮೇಲೆ 2017ರಲ್ಲಿ ತಮಿಳಿನ ಅಜಿತ್ ಚಿತ್ರವೊಂದು ‘ಸತ್ಯದೇವ್ ಐಪಿಎಸ್’ ಎಂದು ಕನ್ನಡದಲ್ಲಿ ತೆರೆಗೆ ಬಂತು. 2020ರ ಲಾಕ್‌ಡೌನ್‌ನಲ್ಲಿ ಹಿಂದಿಯ ಹೊಸ ‘ಮಹಾಭಾರತ’ ಧಾರಾವಾಹಿ ಕನ್ನಡದಲ್ಲಿ ಮನೆಮನೆಗೆ ಬಂತು. 2022ರ ‘ಅವತಾರ್’ ಎರಡನೆಯ ಭಾಗಕ್ಕೂ 2023ರ ‘ಸ್ಪೈಡರ್-ವರ್ಸ್’ ಚಿತ್ರಕ್ಕೂ ಕನ್ನಡದ ಧ್ವನಿ ಇತ್ತು. ಆದ್ದರಿಂದ ಓಟಿಟಿಯಲ್ಲಿ ಸಿನಿಮಾ ಹಾಕುವ ಮೊದಲು ಧ್ವನಿಯ ಪಟ್ಟಿ ತೆರೆದು ಕನ್ನಡ ಇದೆಯೇ ನೋಡುವ ಅಭ್ಯಾಸ ಮಾಡಿಕೊಳ್ಳಿ. ಮಾತು ಹೆಚ್ಚಿರುವ, ಒಗಟು ಬಿಡಿಸುವ ಕಥೆಯಾದರೆ ಕನ್ನಡವೇ ಇರಲಿ. ಹಾರಾಟ, ಹೊಡೆದಾಟ, ಹಾವು, ಬೆಂಕಿಯ ಕಥೆಯಾದರೆ ಹಿಂದಿ ನಡೆಯುತ್ತದೆ, ನಿಮ್ಮ ಮನೆಯ ಗದ್ದಲವೂ ಉಳಿಯುತ್ತದೆ.

ಕನ್ನಡ ಸಿನಿಮಾಕ್ಕೆ ಎದ್ದು ಹೋಗುತ್ತಾರೆ ಎಂದಿರಿ. ಅದು ಭಾಷೆಯ ತಪ್ಪಲ್ಲ, ನೀವು ಹೋಲಿಸುತ್ತಿರುವ ಸರಕು ಬೇರೆ. ಮಾಯಾಜಾಲದ ಎದುರಿಗೆ ಕಾಲೇಜು ಪ್ರೇಮದ ಕಥೆ ಇಟ್ಟರೆ ಎಂಟು ವರ್ಷದ ಹುಡುಗ ಏನು ಮಾಡಿಯಾನು? ಮುಂದಿನ ವಾರ ಹಳೆಯ ಕನ್ನಡ ಪೌರಾಣಿಕ ಚಿತ್ರವೊಂದನ್ನು ಹಾಕಿ, ರಾಕ್ಷಸ ಅಟ್ಟಹಾಸದಿಂದ ಬರುವಂಥದ್ದು. ಯಾರು ಏಳುತ್ತಾರೆ ನೋಡೋಣ.

ಮಕ್ಕಳ ಕನ್ನಡ ಕೆಡುವ ಭಯ ಬೇಡ. ವಾರಕ್ಕೆರಡು ಗಂಟೆ ಹಿಂದಿ ಕೇಳಿ ಯಾರ ಕನ್ನಡವೂ ಕೆಟ್ಟಿಲ್ಲ. ಒಂದನ್ನು ಮಾತ್ರ ಗಮನಿಸಿ: ಮಾಟ, ಮಂತ್ರ, ರಾಜ, ಯುದ್ಧಕ್ಕೆ ಮಗನ ಬಾಯಲ್ಲಿ ಬರೀ ಹಿಂದಿ ಪದ ಬರತೊಡಗಿದರೆ ಅವನಿಗೆ ಕನ್ನಡದ ಅದ್ಭುತ ಲೋಕ ಸಿಕ್ಕಿಲ್ಲವೆಂದು ಅರ್ಥ. ಅದರ ಬೀಗದ ಕೈ ಅತ್ತೆಯವರ ಸೆರಗಿನಲ್ಲಿದೆ. ಏಳು ಸಮುದ್ರದಾಚೆ ಗಿಳಿಯೊಳಗೆ ಪ್ರಾಣವಿಟ್ಟ ರಕ್ಕಸ, ಮುಟ್ಟಿದರೆ ಮೂರ್ಛೆ ಹೋಗುವ ಬೆತ್ತ, ಮಾತಾಡುವ ಗೊಂಬೆ, ಇವೆಲ್ಲ ಅವರಿಗೆ ಗೊತ್ತಿರದಿರುವುದಿಲ್ಲ. ಸಿನಿಮಾ ಮುಗಿದ ಮೇಲೆ ‘ಇಂಥದ್ದೇ ಒಂದು ಕಥೆ ನಿಮ್ಮ ಅಜ್ಜಿ ಹೇಳುತ್ತಿದ್ದರಂತಲ್ಲ’ ಎಂದು ಎತ್ತಿಕೊಟ್ಟರೆ ಸಾಕು.

ಎಚ್ಚರ ಬೇಕಾಗಿರುವುದು ಬೇರೆ ಕಡೆ. ಮಾಯಾಜಾಲ ಎಂದಾಕ್ಷಣ ಮಕ್ಕಳದೆಂದು ತಿಳಿಯಬೇಡಿ. ಕೋಡಿ ರಾಮಕೃಷ್ಣ ಅವರ ತೆಲುಗಿನ ‘ಅರುಂಧತಿ’ (2009) ಹಿಂದಿಯಲ್ಲಿ ಬಹಳ ಓಡಿದ ಚಿತ್ರ. ಅದರಲ್ಲಿ ಕ್ರೌರ್ಯವಿದೆ, ಹೆಣ್ಣಿನ ಮೇಲೆ ಕೈ ಮಾಡುವುದಿದೆ, ರಾತ್ರಿ ನಿದ್ದೆಗೆಡಿಸುವ ಪ್ರೇತವಿದೆ. 8 ವರ್ಷದವನಿಗೆ ಬೇಡವೇ ಬೇಡ. ಭಾರತದ ಮೊದಲ ತ್ರೀಡಿ ಚಿತ್ರ, 1984ರ ಮಲಯಾಳದ ‘ಮೈ ಡಿಯರ್ ಕುಟ್ಟಿಚಾತ್ತನ್’ ಹಿಂದಿಯಲ್ಲಿ ‘ಛೋಟಾ ಚೇತನ್’ ಆಗಿ ಬಂತು. ಮಕ್ಕಳು ಗೋಡೆಯ ಮೇಲೆ, ಚಾವಣಿಯ ಮೇಲೆ ನಡೆಯುವ ಅದರ ಹಾಡನ್ನು ಕೋಣೆಯನ್ನೇ ತಿರುಗುವಂತೆ ಕಟ್ಟಿ ತೆಗೆದಿದ್ದರು, ಈಗ ನೋಡಿದರೂ ಬಾಯಿ ತೆರೆದೇ ಉಳಿಯುತ್ತದೆ. ಅಂಥ ಮುದ್ದಾದ ಚಿತ್ರದಲ್ಲೂ ಅದರ ನಾಯಕ, ಮಾಯಾವಿ ಮರಿದೆವ್ವ ಚಾತ್ತ, ಹೆಂಡ ಕುಡಿಯುತ್ತಾನೆ. ಮಗ ಕೇಳಿದರೆ ಏನು ಹೇಳುವಿರೆಂದು ಮೊದಲೇ ಯೋಚಿಸಿಡಿ. ಹಳೆಯ ತೆಲುಗು ಚಿತ್ರಗಳ ಹಾಸ್ಯದ ಭಾಗವಂತೂ ನನಗೇ ಸಹನೆಯಾಗುವುದಿಲ್ಲ: ದಪ್ಪಗಿದ್ದವರು, ಕಪ್ಪಗಿದ್ದವರು, ಆಳುಗಳು ಏಟು ತಿನ್ನುವುದೇ ನಗುವಿನ ವಸ್ತು. ಹಿಂದಿಗೆ ತರುವಾಗ ಆ ಆಳುಗಳಿಗೆ ಹಳ್ಳಿಯ ಹಿಂದಿ ಕೊಟ್ಟು ಇನ್ನಷ್ಟು ಕೆಳಗಿಳಿಸುವುದೂ ಉಂಟು. ಆಗ ರಿಮೋಟ್ ಎತ್ತಿ ಹತ್ತು ನಿಮಿಷ ಮುಂದೆ ಓಡಿಸಿ, ಕಥೆಗೆ ಏನೂ ಆಗುವುದಿಲ್ಲ.

ಪ್ರಮಾಣಪತ್ರ ನೋಡಿ. ಡಬ್ ಆದ ಪ್ರತಿಯೊಂದು ಆವೃತ್ತಿಗೂ ಪ್ರತ್ಯೇಕ ಪ್ರಮಾಣಪತ್ರ ಬೇಕು. 2024ರ ನಿಯಮಗಳಿಂದ ಯುಎ ಎಂಬುದು 7+, 13+, 16+ ಎಂದು ಮೂರಾಗಿದೆ. ನಿಮ್ಮ ಮನೆಗೆ ಯು ಮತ್ತು ಯುಎ 7+ ನಿಶ್ಚಿಂತೆ. 13+ ಆದರೆ ಒಬ್ಬ ದೊಡ್ಡವರು ಮೊದಲು ನೋಡಿರಲಿ. ಯೂಟ್ಯೂಬಿನಲ್ಲಿ ಮಾತ್ರ ಈ ಆಸರೆಯನ್ನು ನಂಬಬೇಡಿ. ಒಂದೇ ಚಿತ್ರ ಬೇರೆ ಬೇರೆ ಹೆಸರಿನಲ್ಲಿ, ಚಿತ್ರದಲ್ಲಿ ಇಲ್ಲದ ಡ್ರ್ಯಾಗನ್‌ನ ಚಿತ್ರ ಹೊತ್ತು ನಿಂತಿರುತ್ತದೆ. ಮುಗಿದ ತಕ್ಷಣ ಮುಂದಿನದು ತಾನೇ ಶುರುವಾಗುವ ಏರ್ಪಾಡನ್ನು ತೆಗೆದುಹಾಕಿ.

ಇನ್ನು ಅತ್ತೆಯವರ ಪ್ರಶ್ನೆ. ಆ ಕೋತಿಯ ಹೆಸರು ಸುನ್ ವುಕಾಂಗ್, 16ನೆಯ ಶತಮಾನದ ಚೀನೀ ಕಾದಂಬರಿಯೊಂದರ ನಾಯಕ. ಮೋಡದ ಮೇಲೆ ಹಾರುತ್ತಾನೆ, ಬೇಕಾದಷ್ಟು ಬೆಳೆಯುವ ದೊಣ್ಣೆ ಹಿಡಿಯುತ್ತಾನೆ, ನಮ್ಮವನು ಸೂರ್ಯನನ್ನು ಹಣ್ಣೆಂದು ನೆಗೆದರೆ ಅವನು ದೇವಲೋಕದ ಪೀಚ್ ಹಣ್ಣನ್ನೇ ಕದಿಯುತ್ತಾನೆ. ಹನುಮಂತನೇ ಅಲ್ಲಿಗೆ ಹೋದದ್ದು ಎಂದು ಚೀನೀ ವಿದ್ವಾಂಸ ಹು ಶಿ ವಾದಿಸಿದರು, ಇಲ್ಲ, ಅವನು ಚೀನಾದ್ದೇ ಹಳೆಯ ಜಲಪಿಶಾಚಿಯೊಂದರ ವಂಶ ಎಂದು ಅಲ್ಲಿನದೇ ಸಾಹಿತಿ ಲು ಶುನ್ ವಾದಿಸಿದರು. ನೂರು ವರ್ಷವಾದರೂ ಜಗಳ ಮುಗಿದಿಲ್ಲ, ಅತ್ತೆಯವರು ಯಾವ ಪಕ್ಷ ಬೇಕಾದರೂ ಹಿಡಿಯಬಹುದು. ಆದರೆ ಕೋತಿಯ ಜೊತೆಗೆ ಬಿಳಿ ಕುದುರೆಯ ಮೇಲೆ ಬರುವ ಸನ್ಯಾಸಿಯನ್ನು ಸರಿಯಾಗಿ ನೋಡಿಕೊಳ್ಳಲು ಹೇಳಿ. ಅವನು ಕಲ್ಪನೆಯವನಲ್ಲ. ಮಗಳ ಸಮಾಜ ವಿಜ್ಞಾನದ ಪಾಠಗಳಲ್ಲಿ ಬರುವ ಹ್ಯುಯೆನ್ ತ್ಸಾಂಗ್ ಅವನೇ. 7ನೆಯ ಶತಮಾನದಲ್ಲಿ ಭಾರತವನ್ನೆಲ್ಲ ಸುತ್ತಿ, 645ರಲ್ಲಿ 657 ಗ್ರಂಥಗಳನ್ನು ಹೊತ್ತು ಚೀನಾಕ್ಕೆ ಮರಳಿದವನು. ಆ ದಾರಿಯಲ್ಲಿ ಅವನು ಬಾದಾಮಿಯ ಇಮ್ಮಡಿ ಪುಲಿಕೇಶಿಯ ರಾಜ್ಯಕ್ಕೂ ಬಂದಿದ್ದ, ಅಲ್ಲಿನ ಜನ ಉಪಕಾರ ಮರೆಯದವರು, ಸೇಡನ್ನೂ ಬಿಡದವರು ಎಂದು ಬರೆದಿಟ್ಟ. ಮುಂದಿನ ಸಲ ಅವನು ತೆರೆಯ ಮೇಲೆ ಹಿಂದಿಯಲ್ಲಿ ಕೋತಿಯನ್ನು ಗದರಿಸುವಾಗ, ಇದನ್ನು ಅತ್ತೆಯವರಿಗೆ ಮಗಳೇ ಹೇಳಲಿ.